ನ್ಯೂರೆಂಬರ್ಗಿನ ಆ ಹುಡುಗ ನಾನೇ

ಹೋದ ತಿಂಗಳು ಒಬ್ಬ ಹುಡುಗ ನನಗೆ ನನ್ನದೇ ಕಥೆ ಹೇಳಿದ. ಕಥೆಯಲ್ಲಿ ನಾನು ಗಂಡಸಾಗಿದ್ದೆ.

ಅಷ್ಟೇ ಅಲ್ಲ, ಮದುವೆಯಾಗಿರಲಿಲ್ಲ. ಜಿಮ್‌ಗೆ ಹೋಗುತ್ತಿದ್ದೆ. ಬಾಲಿ ದ್ವೀಪದಲ್ಲಿ ಎಳನೀರು ಹೀರುತ್ತಾ ಲ್ಯಾಪ್‌ಟಾಪ್ ಕುಟ್ಟುತ್ತಿದ್ದೆ. ಜರ್ಮನಿಯ ವೀಸಾ, ಜರ್ಮನಿಯ ಟ್ಯಾಕ್ಸ್ ನಂಬರ್ ಎರಡೂ ಜೇಬಿನಲ್ಲಿ. ಯಾರ ಕಿರಿಕಿರಿಯೂ ಇಲ್ಲ. ಕೇಳುತ್ತಾ ಕೇಳುತ್ತಾ ನನಗೇ ನನ್ನ ಮೇಲೆ ಹೊಟ್ಟೆಕಿಚ್ಚಾಯಿತು.

ನಡೆದದ್ದು ಡ್ಯೂಸೆಲ್ಡಾರ್ಫ್‌ನಲ್ಲಿ, ಗೆಳತಿಯ ಮಗಳ ಹುಟ್ಟುಹಬ್ಬದಲ್ಲಿ. ನಾನೂ ನನ್ನ ಗಂಡ ರಘುವೂ ನ್ಯೂರೆಂಬರ್ಗ್‌ನಿಂದ ರೈಲು ಹತ್ತಿ ಹೋಗಿದ್ದೆವು. (ರೈಲು ತಡವಾಯಿತು. ಅದನ್ನು ಬರೆಯಲು ಹೊರಟರೆ ಅಂಕಣ ಅಲ್ಲೇ ಮುಗಿಯುತ್ತದೆ.) ಬಾಡಿಗೆ ಹಾಲ್. ಒಂದು ಮೂಲೆಯಲ್ಲಿ ಬಲೂನಿಗಾಗಿ ಮಕ್ಕಳ ಜಗಳ, ಜರ್ಮನ್‌ನಲ್ಲಿ. ಇನ್ನೊಂದು ಮೂಲೆಯಲ್ಲಿ ಪುಳಿಯೋಗರೆ ತಟ್ಟೆ ಹಿಡಿದ ಗಂಡಸರ ಟ್ಯಾಕ್ಸ್ ಚರ್ಚೆ, ಕನ್ನಡದಲ್ಲಿ. ಇಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಮೊದಲು ಚಳಿ, ಆಮೇಲೆ ಬಾಡಿಗೆ ಮನೆ, ಕೊನೆಗೆ ಟ್ಯಾಕ್ಸ್. ಊರಿನಲ್ಲಿದ್ದಾಗ ಎಲ್ಲರೂ ಕ್ರಿಕೆಟ್ ಕೋಚ್ ಆಗಿದ್ದೆವಲ್ಲ, ಹಾಗೆ ಇಲ್ಲಿ ಎಲ್ಲರೂ ಟ್ಯಾಕ್ಸ್ ಪಂಡಿತರು.

ಆ ಮೂಲೆಯಿಂದ ಪ್ರಜ್ವಲ್ ನನ್ನ ಕಡೆ ಬಂದ. ಉಡುಪಿ ಕಡೆಯ ಹುಡುಗ, ಬ್ಲೂ ಕಾರ್ಡ್ ಮೇಲೆ ಬಂದು ಇಲ್ಲೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಬ್ಲೂ ಕಾರ್ಡ್ ಅಂದರೆ ಗೊತ್ತಲ್ಲ? ಡಿಗ್ರಿ ಇದ್ದು, ಒಳ್ಳೆ ಸಂಬಳದ ಕೆಲಸ ಸಿಕ್ಕವರಿಗೆ ಜರ್ಮನಿ ಕೊಡುವ ವಾಸದ ಪರವಾನಗಿ. ಕೆಲಸ ಅಲ್ಲಾಡಿದರೆ ಕಾರ್ಡೂ ಅಲ್ಲಾಡುತ್ತದೆ. ಒಂದಷ್ಟು ಕಾಲ ತಾಳಿಕೊಂಡರೆ, ಜರ್ಮನ್ ಪರೀಕ್ಷೆ ಪಾಸಾದರೆ, ಖಾಯಂ ಪರವಾನಗಿ ಸಿಗುತ್ತದೆ. ಪ್ರಜ್ವಲ್ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಎರಡನೇ ಸಲ ಪಾಸಾಗಿ, ನನಗೆ ಫೋನ್ ಮಾಡಿ ಕುಣಿದವನು. ಖಾಯಂ ಆಗಲು ಇನ್ನು ಕೆಲವೇ ತಿಂಗಳು.

“ಅಕ್ಕ, ಸೋಮವಾರ ರಾಜೀನಾಮೆ ಕೊಡ್ತಾ ಇದ್ದೇನೆ,” ಅಂದ.

“ಯಾಕಪ್ಪಾ?”

“ವಾರಕ್ಕೆ ಮೂರು ದಿನ ಆಫೀಸಿಗೆ ಬರ್ಬೇಕಂತೆ. ಎಂತಕ್ಕೆ ಮಾರಾಯ್ರೆ? ಅಲ್ಲಿ ಹೋಗಿಯೂ ಹೆಡ್‌ಫೋನ್ ಹಾಕಿ ಕೂತ್ಕೊಳ್ಳುವುದೇ ಅಲ್ವಾ? ನಾನಿನ್ನು ಡಿಜಿಟಲ್ ನೊಮ್ಯಾಡ್. ಎರಡು ಕ್ಲೈಂಟ್ ಉಂಟು. ಸ್ವಲ್ಪ ದಿನ ಬಾಲಿ, ಸ್ವಲ್ಪ ದಿನ ಲಿಸ್ಬನ್.”

“ಬ್ಲೂ ಕಾರ್ಡ್?”

“ಅದು ಇರ್ತದೆ.”

“ಇರುತ್ತಾ?”

ಉತ್ತರ ಕೊಟ್ಟದ್ದು ಅವನ ರೂಮ್‌ಮೇಟ್ ಚೇತನ್. ಬೆಂಗಳೂರಿನವನು, ಸರ್ವಜ್ಞ. “ಮೇಡಂ, ನೂರಾ ಎಂಬತ್ಮೂರು ದಿನ. ಅಷ್ಟೇ ಮ್ಯಾಟರು,” ಅಂದ, ಕಣ್ಣು ಅರ್ಧ ಮುಚ್ಚಿ. ಇದು ಇಲ್ಲಿನ ನಮ್ಮವರ ಗಾಯತ್ರಿ ಮಂತ್ರ. ವರ್ಷದಲ್ಲಿ ಅಷ್ಟು ದಿನ ದೇಶದ ಹೊರಗಿದ್ದರೆ ಟ್ಯಾಕ್ಸೂ ಇಲ್ಲ, ಯಾರೂ ಏನೂ ಕೇಳುವ ಹಾಗೂ ಇಲ್ಲ ಎಂಬುದು ನಂಬಿಕೆ. ಅದು ಅಷ್ಟು ಸರಳ ಅಲ್ಲ ಎಂದವರನ್ನು ಮುಂದಿನ ಪಾರ್ಟಿಗೆ ಕರೆಯುವುದಿಲ್ಲ.

“ಸ್ಟೊಯರ್‌ಬೆರಾಟರ್‌ನ ಕೇಳಿದ್ಯಾ?” ಅಂದೆ. ಅಂದರೆ ಟ್ಯಾಕ್ಸ್ ಸಲಹೆಗಾರರು.

“ಕೇಳದೆ ಉಂಟಾ ಅಕ್ಕ? ಒಂದು ರಾಶಿ ಜನಕ್ಕೆ ಮೇಲ್ ಹಾಕಿದೆ. ಅರ್ಧ ಜನ ಉತ್ತರ ಕೊಡ್ಲಿಲ್ಲ. ಉಳಿದವರು ಹೊಸಬರನ್ನು ತಗೊಳ್ಳುದಿಲ್ಲ ಅಂದ್ರು.”

ಇದು ಮಾತ್ರ ಅಪ್ಪಟ ನಿಜ. ಈ ದೇಶದಲ್ಲಿ ಸ್ಟೊಯರ್‌ಬೆರಾಟರನ್ನು ನಾವು ಆರಿಸುವುದಿಲ್ಲ. ನಾವು ಹೆಣ್ಣಿನ ಕಡೆಯವರು, ಅವರು ಗಂಡಿನ ಕಡೆಯವರು. ಏನು ಮಾಡ್ತೀರಿ? ವರ್ಷಕ್ಕೆ ಎಷ್ಟು ಬರುತ್ತೆ? ಮೊದಲು ಯಾರ ಹತ್ತಿರ ಇದ್ದಿರಿ, ಯಾಕೆ ಬಿಟ್ಟಿರಿ? ಎಲ್ಲ ಕೇಳಿ “ತಿಳಿಸ್ತೀವಿ” ಅನ್ನುತ್ತಾರೆ. ತಿಳಿಸುವುದಿಲ್ಲ. (ಉಪ್ಪಿಟ್ಟು ಕೇಸರಿಬಾತಿನ ಖರ್ಚು ಉಳಿಯುತ್ತದೆ, ಅಷ್ಟು ಸಮಾಧಾನ.) ಹಾಗಾಗಿ ಜನ ಪುಳಿಯೋಗರೆ ಪಾತ್ರೆಯ ಪಕ್ಕದಲ್ಲಿ ಸಲಹೆ ಹುಡುಕುತ್ತಾರೆ. ಅಲ್ಲಿ ಅಪಾಯಿಂಟ್‌ಮೆಂಟ್ ಬೇಡ.

“ಮಗಾ, ಮೇಡಂಗೆ ನ್ಯೂರೆಂಬರ್ಗ್ ಕೇಸ್ ಹೇಳೋ,” ಅಂದ ಚೇತನ್.

ಪ್ರಜ್ವಲ್ ತಟ್ಟೆ ಕೆಳಗಿಟ್ಟ. “ನಿಮ್ಮ ಊರಲ್ಲೇ ಒಬ್ಬ ಹುಡುಗ ಅಕ್ಕ. ಬ್ಲೂ ಕಾರ್ಡಿನವ. ಕೆಲಸ ಬಿಟ್ಟ. ಟ್ಯಾಕ್ಸ್ ಆಫೀಸಿಗೆ ಒಂದು ಆನ್‌ಲೈನ್ ಫಾರಂ ಹಾಕಿದ. ಟ್ಯಾಕ್ಸ್ ನಂಬರ್ ಬಂತು. ವೀಸಾದವರು ಕೇಳ್ಲೇ ಇಲ್ಲ. ಈಗ ಬಾಲಿಯಲ್ಲಿದ್ದಾನೆ. ಬಾಡಿ ಎಲ್ಲ ಬಿಲ್ಡ್ ಮಾಡಿದ್ದಾನಂತೆ.”

ನಾನು ನಕ್ಕೆ. ನಮ್ಮ ಊರಿನಲ್ಲಿ ಇಂಥ ಭೂಪ ಯಾರಪ್ಪಾ?

“ಮತ್ತೆ ಅವನಿಗೆ ಸ್ಟೊಯರ್‌ಬೆರಾಟರ್ ಸಿಕ್ಕಿದ್ದು ಹೇಗೆ ಗೊತ್ತುಂಟಾ? ಆ ಹೆಂಗಸಿನ ಆಫೀಸಲ್ಲಿ ಒಂದು ನಾಯಿ. ಅದು ಬಂದು ಇವನ ಪಾದದ ಮೇಲೆ ತಲೆ ಇಟ್ಟು ನಿದ್ದೆ ಹೊಡೀತಂತೆ. ಇವನಿಗೆ ಏಳ್ಲಿಕ್ಕೇ ಆಗ್ಲಿಲ್ಲ. ನನ್ನ ನಾಯಿ ಒಪ್ಪಿದವರನ್ನು ನಾನು ಕಳಿಸುದಿಲ್ಲ ಅಂದ್ಲಂತೆ.”

ನಾನು ಬಗ್ಗಿ ನನ್ನ ಪಾದ ನೋಡಿಕೊಂಡೆ.

ಆ ಪಾದ ನನ್ನದು.

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಬ್ಲೂ ಕಾರ್ಡ್ ನನ್ನದಲ್ಲ, ರಘುವಿನದು. ನಾನು ಅವನ ಹೆಂಡತಿಯಾಗಿ ಬಂದವಳು, ಮತ್ತು ಹಾಗೆ ಬಂದವರ ಪರವಾನಗಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು, ಸ್ವಂತದ್ದನ್ನೂ ಮಾಡಬಹುದು. ವೀಸಾದವರು ನನ್ನನ್ನು ಕೇಳದೆ ಇದ್ದದ್ದು ಅದಕ್ಕೆ. ಸಾಹಸ ಏನೂ ಇಲ್ಲ. ಆದರೆ ಕಥೆ ಬಾಯಿಂದ ಬಾಯಿಗೆ ದಾಟುವಾಗ ಮೊದಲು ಬಿದ್ದುಹೋದವನು ನನ್ನ ಗಂಡ. ಆಮೇಲೆ ನನ್ನ ಕುಂಕುಮ. ಬಾಲಿ? ನಾನು ಹೋಗಿದ್ದು ಮೈಸೂರಿಗೆ, ತಂಗಿಯ ಬಾಣಂತನಕ್ಕೆ. ಒಂದು ಕೈಯಲ್ಲಿ ಮಗು ತೂಗುತ್ತಾ ಇನ್ನೊಂದು ಕೈಯಲ್ಲಿ ಚಿತ್ರ ಬರೆದು ಕಳಿಸಿದ್ದೆ. ಬಾಡಿ ಬಿಲ್ಡ್ ಆಗಿದ್ದರೆ ಅದು ತಂಗಿಗೆ ಮಾಡಿದ ಅಂಟಿನುಂಡೆಯಿಂದ.

ನಾನೇ ಯಾರಿಗೋ ಹೇಳಿರಬೇಕು. ಯಾರಿಗೆ, ಯಾವಾಗ? ನೆನಪಿಲ್ಲ. “ರಘುವಿನ ವೀಸಾ ಮೇಲೆ” ಎಂಬ ಮಾತನ್ನು ಸೇರಿಸಿಯೇ ಹೇಳಿದ್ದೆನಾ? ಸೇರಿಸಿದ್ದೆ ಅಂತ ನೆನಪು. ಆದರೆ ನನ್ನ ತಲೆಗೆ ನನ್ನನ್ನು ಬಿಟ್ಟುಕೊಡದ ಚಾಳಿಯಿದೆ. ಅದು ಹೇಳಿದ್ದನ್ನೆಲ್ಲ ನಂಬಬಾರದು. ಕಥೆಗೆ ಗಂಡ ಅಡ್ಡ ಬರುತ್ತಾನೆಂದು ನಾನೇ ಅವನನ್ನು ಹೊರಗೆ ನಿಲ್ಲಿಸಿದ್ದರೂ ನಿಲ್ಲಿಸಿರಬಹುದು.

ಅದೆಲ್ಲ ಇರಲಿ, ಸೋಮವಾರ ಹತ್ತಿರವಿತ್ತು.

“ಪ್ರಜ್ವಲ್, ಆ ಹುಡುಗ ನಾನೇ,” ಅಂದೆ.

ಇಬ್ಬರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರೇಷ್ಮೆ ಸೀರೆ, ಅದರ ಮೇಲೆ ಚಳಿಗೆ ಜಾಕೆಟ್ಟು.

“ಅಕ್ಕ, ಸುಮ್ನಿರಿ.”

ಎಲ್ಲ ಬಿಡಿಸಿ ಹೇಳಿದೆ. ಗಂಡ, ವೀಸಾ, ಬಾಣಂತನ. “ನಾಯಿ ಮಲಗಿದ್ದು ನನ್ನ ಕಾಲ ಮೇಲೆ ಕಣಪ್ಪಾ!”

ಚೇತನ್ ಕೋರ್ಟಿನಲ್ಲಿ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡ. “ನಾಯಿ ಯಾವ ಬಣ್ಣ ಮೇಡಂ?”

“ಕಂದು.”

“ನೋಡಿದ್ಯಾ ಗುರು? ಕೇಸಲ್ಲಿರೋದು ಕರಿ ನಾಯಿ.”

“ಹೌದು, ಕಪ್ಪು,” ಅಂದ ಪ್ರಜ್ವಲ್, ನನ್ನ ಬಗ್ಗೆ ಅಯ್ಯೋ ಅನ್ನಿಸಿದ ದನಿಯಲ್ಲಿ. “ನಿಮ್ಮದು ಬೇರೆ ಕೇಸ್ ಅಕ್ಕ. ಇಲ್ಲಿ ಎಲ್ಲ ಆಫೀಸಲ್ಲಿಯೂ ನಾಯಿ ಇರ್ತದೆ.”

ಸಾಕ್ಷಿ ಹೇಳಬೇಕಾದ ರಘು ಹಾಲ್‌ನ ಹಿಂದೆ ಕಸ ವಿಂಗಡಿಸುತ್ತಿದ್ದ. (ಜರ್ಮನಿಯಲ್ಲಿ ನಂಬಿಕಸ್ಥ ಅತಿಥಿಗೆ ಕೊಡುವ ಗೌರವ ಅದು.) ನಾನೊಬ್ಬಳೇ. ಎದುರಿಗೆ ನಾನೇ, ಆದರೆ ಗಂಡಸು, ಬಾಲಿಯಲ್ಲಿ, ಕರಿ ನಾಯಿಯ ಸಮೇತ. ಅವನನ್ನು ಗೆಲ್ಲುವುದು ಹೇಗೆ? ಅವನಿಗೆ ಒಂದು ಅನುಮಾನವೂ ಇಲ್ಲ. ನನಗೆ ಅನುಮಾನ ಬಿಟ್ಟು ಬೇರೇನಿಲ್ಲ.

ಆಗ ನನ್ನ ಬಾಯಿಂದ ಒಂದು ಮಾತು ಬಂತು. “ಯೇನಾ ಊರಿನವರ ವಿಷಯ ಗೊತ್ತಾಯ್ತಾ?”

“ಯಾರು?”

ನನಗೂ ಗೊತ್ತಿರಲಿಲ್ಲ. ಬಾಯಿ ತಾನಾಗಿ ಮುಂದುವರಿಯಿತು. “ಯೇನಾದಲ್ಲಿ ಒಬ್ಬರು, ಲ್ಯಾಬ್‌ನಲ್ಲಿದ್ದರು. ಬ್ಲೂ ಕಾರ್ಡೇ. ಯಾರೋ ಹೇಳಿದ್ರು ಅಂತ ಕೆಲಸ ಬಿಟ್ಟರಂತೆ. ಟ್ಯಾಕ್ಸ್ ನಂಬರೂ ಬಂತಂತೆ. ಅದು ಕೊಡೋದು ಟ್ಯಾಕ್ಸಿನವರು, ಅವರಿಗೆ ದುಡ್ಡು ಬಂದ್ರೆ ಆಯ್ತು. ವೀಸಾದವರದ್ದು ಬೇರೆ ಆಫೀಸು. ಅಲ್ಲಿಂದ ಕರೆದು ಕೇಳಿದರಂತೆ, ಕಾರ್ಡು ಕೊಟ್ಟಿದ್ದು ಕೆಲಸಕ್ಕೆ, ಕೆಲಸ ಎಲ್ಲಿ? ಸ್ವಂತ ಉದ್ಯೋಗಕ್ಕೆ ನಮ್ಮನ್ನ ಕೇಳಿದ್ರಾ? ಅಂತ. ಖಾಯಂ ಆಗೋಕೆ ಸ್ವಲ್ಪವೇ ಬಾಕಿ ಇತ್ತಂತೆ ಪಾಪ.”

ಮಕ್ಕಳ ಮೂಲೆಯಲ್ಲಿ ಬಲೂನೊಂದು ಒಡೆಯಿತು.

“ಹೌದು ಮಗಾ,” ಅಂದ ಚೇತನ್ ಮೆಲ್ಲಗೆ. “ಆ ಯೇನಾದವ್ರು. ನಾನೂ ಕೇಳಿದೀನಿ.”

ಆ ಮನುಷ್ಯ ಹುಟ್ಟಿ ಒಂದು ನಿಮಿಷವಾಗಿರಲಿಲ್ಲ. ಆಗಲೇ ಚೇತನ್‌ಗೆ ಪರಿಚಯ! ನಿಜ ಹೇಳಿದಾಗ ನಾಯಿಯ ಬಣ್ಣ ಕೇಳಿದವನು, ಸುಳ್ಳಿಗೆ ತಾನೇ ಬಂದು ಸಾಕ್ಷಿಯಾಗಿ ನಿಂತ.

ಪ್ರಜ್ವಲ್ ಮುಖ ಇಳಿದಿತ್ತು. “ಹಾಗಾದ್ರೆ ಸೋಮವಾರ ಬೇಡ್ವಾ ಅಕ್ಕ?”

“ಸೋಮವಾರ ವೀಸಾ ಆಫೀಸಿಗೆ ಹೋಗಿ ಕೇಳು. ಅವರು ಬರೆದು ಕೊಡೋವರೆಗೆ ರಾಜೀನಾಮೆ ಮಾತು ಎತ್ತಬೇಡ. ನನ್ನನ್ನೂ ನಂಬಬೇಡ.” ಕೊನೆಯ ವಾಕ್ಯವನ್ನು ಅವನು ವಿನಯ ಅಂದುಕೊಂಡ.

ವಾಪಸ್ ಬರುವಾಗ ರೈಲಿನಲ್ಲಿ ರಘುವಿಗೆ ಎಲ್ಲ ಹೇಳಿದೆ. ಅವನಿಗೆ ತನ್ನನ್ನು ಕಥೆಯಿಂದ ತೆಗೆದುಹಾಕಿದ ಬಗ್ಗೆ ಬೇಸರವಿರಲಿಲ್ಲ. “ಆದ್ರೆ ನಾಯಿ ಕಪ್ಪೇ ಕಣೆ,” ಅಂದ. “ನಿನ್ನ ಬಿಳಿ ಪ್ಯಾಂಟ್ ತುಂಬಾ ಕರಿ ಕೂದಲು ಮೆತ್ತಿಕೊಂಡಿತ್ತು. ಸೆಲ್ಲೋಟೇಪ್ ಹಚ್ಚಿ ಕಿತ್ತಿದ್ದು ನಾನು.”

ಅಂದರೆ ಏನರ್ಥ? ಹತ್ತು ಬಾಯಿ ದಾಟಿ ಬಂದ ಗಾಳಿಸುದ್ದಿ ನನ್ನ ಗಂಡನನ್ನು ಕಳೆದುಕೊಂಡಿದೆ, ನಾಯಿಯನ್ನು ಜೋಪಾನ ಮಾಡಿದೆ. ನಾನು ಗಂಡನನ್ನು ಇಟ್ಟುಕೊಂಡು ನಾಯಿಗೆ ಬಣ್ಣ ಬಳಿದಿದ್ದೇನೆ. (ಬಣ್ಣ ಬಳಿಯುವುದು ನನ್ನ ಉದ್ಯೋಗ, ನಿಜ. ಆದರೂ.) ಇಬ್ಬರಲ್ಲಿ ಯಾರ ಮಾತಿನ ಮೇಲೆ ಒಬ್ಬ ಹುಡುಗ ತನ್ನ ಕೆಲಸ ಬಿಡಬೇಕು? ಇಬ್ಬರದ್ದೂ ಬೇಡ ಅನ್ನುವುದೇ ಸರಿಯಾದ ಉತ್ತರ. ಆದರೆ ಆ ಉತ್ತರ ಕೊಡುವವರು ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲವಲ್ಲ!

ಈ ವಾರ ಪ್ರಜ್ವಲ್ ಫೋನ್ ಮಾಡಿದ. ವೀಸಾ ಆಫೀಸಿನ ಉತ್ತರ ಬಂದಿದೆ. ಕೆಲಸ ಬಿಟ್ಟು ಆ ಕಾರ್ಡು ಇಟ್ಟುಕೊಂಡು ಓಡಾಡುವ ಹಾಗಿಲ್ಲ. ಕೆಲಸದ ಜೊತೆಗೆ ಸ್ವಂತದ್ದು ಮಾಡುವುದಾದರೂ ಮೊದಲು ಅವರ ಅನುಮತಿ ಬೇಕು. ಖಾಯಂ ಆಗುವವರೆಗೆ ಆಫೀಸಿಗೆ ಹೋಗಿ ಹೆಡ್‌ಫೋನ್ ಹಾಕಿ ಕೂರುತ್ತಾನಂತೆ. “ಬಾಲಿ ಎಲ್ಲಿಗೂ ಓಡಿ ಹೋಗುದಿಲ್ಲ ಅಲ್ವಾ ಅಕ್ಕ?”

ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

“ಮತ್ತೆ ಅಕ್ಕ, ಆ ಯೇನಾದವರ ನಂಬರ್ ಕೊಡಿ.”

“ಯಾಕೆ?”

“ನಮ್ಮ ಟೀಮಲ್ಲಿ ಒಂದು ಜಾಗ ಖಾಲಿ ಉಂಟು. ಮ್ಯಾನೇಜರ್ ಹತ್ರ ಮಾತಾಡಿ ಆಯ್ತು. ಅವರಿಂದಲೇ ಅಲ್ವಾ ನಾನು ಬಚಾವಾದದ್ದು? ಚೇತನ್ ಹೇಳಿದ, ಎರಡು ಸಣ್ಣ ಮಕ್ಕಳಂತೆ, ಸೋಫಾ ಎಲ್ಲ ಮಾರಿದ್ರಂತೆ. ಪಾಪ, ಬೇಗ ಸಿವಿ ಕಳಿಸ್ಲಿಕ್ಕೆ ಹೇಳಿ.”

“ಕೇಳಿ ಹೇಳ್ತೀನಪ್ಪಾ,” ಅಂದೆ.

ಆದ್ದರಿಂದ ಕೇಳುತ್ತಿದ್ದೇನೆ: ಯೇನಾದಲ್ಲಿ ಕೆಲಸ ಬಿಟ್ಟು ಕೂತಿರುವ, ಇಬ್ಬರು ಮಕ್ಕಳಿರುವ, ಮನೆಯಲ್ಲಿ ಸೋಫಾ ಇಲ್ಲದ ಕನ್ನಡಿಗರು ನಿಮ್ಮಲ್ಲಿ ಯಾರಾದರೂ ಇದ್ದೀರಾ?