ಬೆಕ್ಕು ಕಟ್ಟಿಹಾಕಿದ ಆಸಾಡಿ

ವರ್ಷವಿಡೀ ಮೀನು ಮಾರುವವಳಿಗೆ ರಜೆ ಅಂತ ಇದ್ದರೆ ಅದು ಆಸಾಡಿಯಲ್ಲಿ, ಆಷಾಢದ ಮಳೆಯಲ್ಲಿ ಮಾತ್ರ. ಕಡಲು ಎದ್ದಿರುತ್ತದೆ, ನಮ್ಮೂರು ಕೋಡಿಯ ದೋಣಿಗಳೆಲ್ಲ ದಡ ಏರಿರುತ್ತವೆ, ನನ್ನ ಬುಟ್ಟಿ ಜಗಲಿಯ ಮೂಲೆಯಲ್ಲಿ ಬೋರಲು ಬಿದ್ದಿರುತ್ತದೆ. ಮದುವೆಯಾದಂದಿನಿಂದ ಆ ದಿನಗಳಲ್ಲಿ ಬೈಂದೂರಿಗೆ, ಅಮ್ಮನ ಮನೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಹಗಲಲ್ಲೇ ನಿದ್ದೆ ಹೊಡೆದು ಬರುತ್ತಿದ್ದೆ. ನನಗೆ ಇದ್ದದ್ದು ಅದೊಂದೇ. ಅದನ್ನೂ ಒಂದು ಬೆಕ್ಕು ಕಿತ್ತುಕೊಂಡಿತು.

ಅದು ನಾನು ಬೇಕೆಂದು ಸಾಕಿದ್ದೂ ಅಲ್ಲ. ಮರಿಯಾಗಿದ್ದಾಗ ನನ್ನ ಬುಟ್ಟಿಯ ವಾಸನೆ ಹಿಡಿದು ಹಿಂದೆಯೇ ಬಂದು ಮನೆಯಲ್ಲಿ ಠಿಕಾಣಿ ಹೂಡಿದ್ದು. ಮುದಿಯಾಗುವ ಹೊತ್ತಿಗೆ ಹಲ್ಲು ಉದುರಿತು, ಒಂದು ಕಣ್ಣು ಬೆಳ್ಳಗಾಯಿತು, ಬಾವಿಕಟ್ಟೆಯ ಬಾಲ್ದಿಗೆ ಬಾಯಿ ಹಾಕಿ ನೀರು ಕುಡಿದದ್ದೇ ಕುಡಿದದ್ದು. ದನದ ಡಾಕ್ಟರು ನೋಡಿ ಕಿಡ್ನಿ ಸೋತಿದೆ ಎಂದರು. ಎರಡು ಹೊತ್ತು ಮಾತ್ರೆ ಹಾಕಬೇಕು, ತಾಜಾ ಮೀನನ್ನು ಬರಿ ನೀರಲ್ಲಿ ಬೇಯಿಸಿ ಮುಳ್ಳು ಬಿಡಿಸಿ ಕೊಡಬೇಕು, ಉಪ್ಪು ತಿಂದರೆ ಉಳಿಯುವುದಿಲ್ಲ. ಹೇಳುವುದು ಸುಲಭ. ಆಸಾಡಿಯಲ್ಲಿ ನಮ್ಮ ಮನೆಗಳಲ್ಲಿ ಇರುವುದೇ ಉಪ್ಪು ಹಾಕಿದ ಒಣಮೀನು.

ತಾಜಾ ಬೇಕೆಂದರೆ ಹೊಳೆಯಲ್ಲಿ ಬಲೆ ಬೀಸುವವರ ಮುಂದೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ನಿಲ್ಲಬೇಕು. ಊರಿಗೆಲ್ಲ ಮೀನು ಮಾರುವವಳು ಬೆಕ್ಕಿಗಾಗಿ ಮೀನು ಕೇಳುವುದನ್ನು ಕಂಡು ಅವರಿಗೆ ನಗು. ಸೋಮವಾರ ನಮ್ಮಲ್ಲಿ ಅಡುಗೆ ಒಲೆಗೆ ಮೀನು ಏರುವುದಿಲ್ಲ. ಅಂದು ಬಚ್ಚಲ ಒಲೆಯ ಹೊಗೆ ಕುಡಿಯುತ್ತ ಅದಕ್ಕೆ ಬೇರೆ ಅಡುಗೆ. ಇಷ್ಟಾದರೂ ಮಹಾರಾಣಿ ನನ್ನ ಕೈಯಿಂದಲ್ಲದೆ ಬೇರೆಯವರ ಕೈಯಿಂದ ತಿನ್ನುವುದಿಲ್ಲ. ಒಂದು ವರ್ಷ ಪಕ್ಕದ ಮನೆಯ ಓರಗಿತ್ತಿಗೆ ಒಪ್ಪಿಸಿ ಹೋಗಿದ್ದೆ. ಪಾಪ, ಉಪವಾಸ ಬೀಳುತ್ತದಲ್ಲ ಎಂದು ಮರುಗಿ ಅವಳು ಒಣಮೀನು ಸುಟ್ಟು ನೆಲಕ್ಕೆ ಹಾಕಿದಳು. ಅವಳ ಕೈಯದನ್ನು ಮುಟ್ಟದ ಅದು ಉಪ್ಪಿನ ಆಸೆಗೆ ನೆಲದ್ದನ್ನು ಗಬಗಬನೆ ತಿಂದು ಮಲಗಿತು, ಮತ್ತೆ ಏಳಲಾಗದೆ ಬಿದ್ದುಕೊಂಡಿತು. ಫೋನು ಬಂದದ್ದೇ ನಾನು ಅಮ್ಮ ಬಡಿಸಿದ ಊಟ ಬಿಟ್ಟು ಓಡಿ ಬಂದೆ. ವಾರಗಟ್ಟಲೆ ಚಮಚದಲ್ಲಿ ನೀರು ಬಿಟ್ಟು ಬದುಕಿಸಿಕೊಂಡೆ.

"ಈ ಬೆಕ್ಕಿನ್ ಬಾಣಂತನ ನಿಂಗೆ ಮುಗುದಿಲ್ಲೆ ಬಿಡ್," ಎಂದು ಗಂಡ ಬಲೆ ಹೆಣೆಯುತ್ತ ತಮಾಷೆ ಮಾಡುತ್ತಿದ್ದರು. ನನಗೆ ತಮಾಷೆಯಾಗಿರಲಿಲ್ಲ. ಒಮ್ಮೆ ಸತ್ತು ಹೋಗಬಾರದೇ ಎಂದು ಬಾಯಿಬಿಟ್ಟು ಬೈದಿದ್ದೇನೆ. ಬೈದು ಮುಗಿಸಿದ ಕೂಡಲೇ ಬಗ್ಗಿ, ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡಿದ್ದೇನೆ. ಅದು ಇದ್ದರೂ ನನಗೆ ಬಿಡುಗಡೆ ಇಲ್ಲ, ಸತ್ತರೆ ನಾನು ಬೈದದ್ದಕ್ಕೇ ಸತ್ತಿತು ಎಂಬ ಕೊರಗು ತಪ್ಪುವುದಿಲ್ಲ.

ಮರುವರ್ಷ ಅಮ್ಮನ ಫೋನು ಬಂತು. "ನಂಗೂ ಪ್ರಾಯ ಆಯ್ತ್ ಹೆಣ್ಣೇ. ಈ ಆಸಾಡಿಗಾದ್ರೂ ಬಾ." ಆ ಮಾತು ಕೇಳಿದ ಮೇಲೆ ಕೂರಲಾಗಲಿಲ್ಲ, ಬರುವ ದಿನ ಹೇಳಿದೆ. ಬೆಕ್ಕನ್ನೂ ಕರೆದುಕೊಂಡೇ ಹೋಗುವುದೆಂದು ಮೀನಿನ ಬುಟ್ಟಿಯನ್ನು ತೊಳೆದು, ಹಳೇ ಸೀರೆ ಹಾಸಿ ಅದನ್ನು ಮಲಗಿಸಿದೆ. ಮೇಲೆ ಗೋಣಿ ಮುಚ್ಚಿ ಕಟ್ಟಿ, ಕುಂದಾಪುರದ ಬಸ್‌ಸ್ಟ್ಯಾಂಡಿಗೆ ಹೋದೆ.

ಮೀನಿನ ಹೆಂಗಸರು ಬಸ್ಸು ಹತ್ತುವುದಕ್ಕೆ ಒಂದು ರೀತಿಯಿದೆ. ನಾವು ಬುಟ್ಟಿಯನ್ನು ಹಿಂದಿನ ಏಣಿಯ ಹತ್ತಿರ ಇಳಿಸುತ್ತೇವೆ, ಕಂಡಕ್ಟರ್ ಅದನ್ನು ಬಸ್ಸಿನ ತಲೆಯ ಮೇಲೆ ಏರಿಸುತ್ತಾನೆ, ನಾವು ಕೈಬೀಸಿಕೊಂಡು ಒಳಗೆ ಹೋಗಿ ಕೂರುತ್ತೇವೆ. ಅಂದೂ ಹಾಗೆಯೇ ಮಾಡಿದೆ. ಕಾಲು, ಕೈ ತಮ್ಮಷ್ಟಕ್ಕೆ ಮಾಡಿದವು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಬಸ್ಸು ಸೇತುವೆ ದಾಟಿತು, ಅಮ್ಮನ ಮನೆಯ ಊಟ ನೆನೆಯುತ್ತ ನಾನು ಹಾಯಾಗಿದ್ದೆ. ಹೊರಗೆ ಮಳೆ ಜಪ್ಪಿ ಸುರಿಯುತ್ತಿತ್ತು.

ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ, "ಈ ಮಳ್ಗಾಲ್ದಗೆ ಎಂತ ಮೀನ್ ಅಕ್ಕಾ?"

ನಾನು ಸೀಟಿನಿಂದ ಎದ್ದೇಬಿಟ್ಟೆ. "ಮೀನಲ್ಲ, ಬೆಕ್ಕ್. ನಿಲ್ಸ್, ಬಸ್ ನಿಲ್ಸ್."

ನಡುದಾರಿಯ ಹೆಮ್ಮಾಡಿಯಲ್ಲಿ ಬುಟ್ಟಿ ಇಳಿಸಿ ಗೋಣಿ ಬಿಚ್ಚಿದರೆ ಒದ್ದೆ ಬಟ್ಟೆಯ ಮುದ್ದೆಯೊಂದು ಗಡಗಡ ನಡುಗುತ್ತಿತ್ತು. ಕೂಗಲಿಕ್ಕೂ ತ್ರಾಣವಿರಲಿಲ್ಲ. ಬೈಂದೂರಿನವರೆಗೆ ಅದು ತಡೆಯುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಸೆರಗಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ರಸ್ತೆ ದಾಟಿ, ಎದುರಿನಿಂದ ಬಂದ ಕುಂದಾಪುರದ ಬಸ್ಸು ಹತ್ತಿದೆ. ಮನೆ ಮುಟ್ಟುವವರೆಗೂ ಅತ್ತೆ. ಬೆಕ್ಕಿಗಾಗಿ ಅಲ್ಲ, ನನಗಾಗಿ.

ಬಚ್ಚಲ ಒಲೆಯ ಬದಿಗೆ ಅದನ್ನು ಮಲಗಿಸಿ ಕೂತಿದ್ದೆ. ಸಂಜೆ ಅಂಗಳದಲ್ಲಿ ಕೊಡೆ ಮಡಚಿದ ಸದ್ದಾಯಿತು. ನೋಡಿದರೆ ಅಮ್ಮ.

"ಬಸ್ ಎಲ್ಲ ಬಂತ್, ನೀ ಇಳಿಲಿಲ್ಲೆ. ಇನ್ನೆಂತ ಮಾಡುದ್, ನಾನೇ ಹತ್ತಿ ಬಂದೆ."

ಅವಳು ಸೀರೆಯನ್ನೂ ಬದಲಿಸದೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೇಯಿಸಿಟ್ಟ ಹೊಳೆಮೀನಿನ ಮುಳ್ಳು ಬಿಡಿಸತೊಡಗಿದಳು. ಬೆಕ್ಕು ಮೂಸಿತು. ನನ್ನ ಕಡೆ ಒಮ್ಮೆ ನೋಡಿ, ಅಮ್ಮನ ಬೆರಳಿನಿಂದ ಮೆಲ್ಲಗೆ ನೆಕ್ಕಿ ತಿಂದಿತು. ನನ್ನದಲ್ಲದೆ ಯಾರ ಕೈಯಿಂದಲೂ ತಿನ್ನದ ಬೆಕ್ಕು.

ಅಮ್ಮ ನನ್ನ ಮುಖ ನೋಡಿದಳು. "ಎಷ್ಟ್ ಬಚ್ಚಿ ಸೊರ್ಗಿದೆ ನೀನ್. ಇನ್ ನಾನ್ ನೋಡ್ಕಂತೆ ಇದನ್ನ. ನೀ ಎಲ್ಲಿಗಾರೂ ಹೋಯಿ ನಾಕ್ ದಿನ ಇದ್ಕಂಡ್ ಬಾ."

ನಾನು ಎಲ್ಲಿಗೆಂದು ಯೋಚಿಸಿದೆ. ನನಗೆ ಹೋಗಲಿಕ್ಕೆ ಇದ್ದ ಜಾಗ ಒಂದೇ. ಅದು ಬೈಂದೂರಿನಿಂದ ಬಂದು, ನನ್ನ ಬಚ್ಚಲಲ್ಲಿ ಕೂತು ಬೆಕ್ಕಿಗೆ ಮೀನು ತಿನ್ನಿಸುತ್ತಿತ್ತು.