ತಗ್ಗಿಸಿದ ತಲೆ

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ವ್ಯಾಸಪೀಠವಿತ್ತು. ಇತ್ತು ಎಂದೆನೆಂದು ಕಳೆದುಹೋಯಿತೆಂದುಕೊಳ್ಳಬೇಡಿ. ಈಗಲೂ ಇದೆ, ಕೋಣೆ ಮಾತ್ರ ಬದಲಾಗಿದೆ. ಬಿಡಿಸಿದರೆ ಎರಡು ಅಂಗೈ ಚಾಚಿ ಪುಸ್ತಕವನ್ನು ಹಿಡಿದುಕೊಳ್ಳುವ, ಮಡಿಸಿದರೆ ಒಂದು ಹಲಗೆಯಾಗಿ ಗೋಡೆಗೊರಗುವ ಆ ಮರದ ಪೀಠವನ್ನು ನಮ್ಮತ್ತೆ ಮದುವೆಯಾಗಿ ಬಂದಾಗ ತವರಿನಿಂದ ತಂದಿದ್ದರು. ಪಾರಾಯಣದ ಗ್ರಂಥವನ್ನಲ್ಲದೆ ಬೇರೇನನ್ನೂ ಅದರ ಮೇಲೆ ಇಡುವಂತಿರಲಿಲ್ಲ. ಒಮ್ಮೆ ನಮ್ಮ ಯಜಮಾನರು ಮೈಮರೆತು ದಿನಪತ್ರಿಕೆ ಇಟ್ಟುಬಿಟ್ಟದ್ದಕ್ಕೆ ಅತ್ತೆ ಅದನ್ನು ತೊಳೆದು, ಬಸವನಗುಡಿಯ ನಮ್ಮ ತಾರಸಿಯ ಬಿಸಿಲಿನಲ್ಲಿ ಇಡೀ ದಿನ ಒಣಗಿಸಿದ್ದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಚಾಮರಾಜಪೇಟೆಯ ನನ್ನ ತವರಿನಲ್ಲಿ, ಓದುವ ಹುಡುಗಿಗೆ ಒಂದೇ ಒಂದು ಬಿರುದಿತ್ತು: ‘ತಗ್ಗಿಸಿದ ತಲೆ ಎತ್ತದವಳು’. ಪುಸ್ತಕದ ಮುಂದೆಯೂ ಹಾಗೆ, ಬೀದಿಯಲ್ಲಿಯೂ ಹಾಗೆ. ನನ್ನನ್ನು ನೋಡಲು ಬಂದ ದಿನ ಅತ್ತೆ ಒಪ್ಪಿದ್ದೂ ಆ ಗುಣಕ್ಕೇ ಅಂತೆ. ನಿಜ ಹೇಳಬೇಕೆಂದರೆ, ಆವತ್ತು ನನ್ನಮ್ಮ ನನ್ನ ಕನ್ನಡಕವನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದರು. ತಲೆ ಎತ್ತಿದ್ದರೂ ಮಂಜುಮಂಜಾದ ನಾಲ್ಕು ಮುಖಗಳ ಹೊರತು ನನಗೇನೂ ಕಾಣುತ್ತಿರಲಿಲ್ಲ. ಅಂತೂ ತಗ್ಗಿಸಿದ ತಲೆಯೊಂದಿಗೇ ಈ ಮನೆಯ ಹೊಸಿಲು ದಾಟಿದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅತ್ತೆಯ ಕಣ್ಣು ತೀರಾ ಮಂದವಾಯಿತು. ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದರು. ಆಗಿನಿಂದ ಸಂಜೆಯ ಓದು ನನ್ನ ಪಾಲಿಗೆ ಬಂತು. ಮೊದಲು ಪೀಠದ ಮುಂದೆ ಕುಳಿತು ಗ್ರಂಥದ ಒಂದು ಅಧ್ಯಾಯ, ಆಮೇಲೆ ವಾರಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಧಾರಾವಾಹಿಯ ಒಂದು ಕಂತು. “ದೇವರದ್ದಾಯ್ತಲ್ಲ, ಈಗ ಅವಳ ಕತೆ ಏನಾಯ್ತು ನೋಡೇ” ಎಂದು ಅತ್ತೆ ಕಥಾನಾಯಕಿಯನ್ನು ಪಕ್ಕದ ಮನೆಯ ಸೊಸೆಯೆಂಬಂತೆ ವಿಚಾರಿಸುತ್ತಿದ್ದರು. ಹಗಲೆಲ್ಲ ಉತ್ತರಪತ್ರಿಕೆಗಳ ಮೇಲೆ ಬಗ್ಗಿದ ನನ್ನ ಕತ್ತು ಸಂಜೆ ಮತ್ತೆ ಬಗ್ಗುತ್ತಿತ್ತು.

ಹೀಗಿರುವಾಗ ತಲೆನೋವು ಶುರುವಾಯಿತು. ಹಿಂದಲೆಯ ಬಲಗಡೆ ಹುಟ್ಟಿ, ನೆತ್ತಿಯ ಪಕ್ಕದಲ್ಲಿ ಹಾದು, ಬಲಗಣ್ಣಿನ ಹಿಂದೆ ಬಂದು ಠಿಕಾಣಿ ಹೂಡುತ್ತಿತ್ತು. ತಲೆನೋವೊಂದಕ್ಕೆ ನಮ್ಮ ಜನ ವೈದ್ಯರಾಗುವಷ್ಟು ಬೇರಾವ ಕಾಯಿಲೆಗೂ ಆಗುವುದಿಲ್ಲ, ಅಲ್ಲವೇ? ಯಜಮಾನರು ಪಿತ್ತ ಎಂದರು. ಸ್ಟಾಫ್ ರೂಮಿನವರು ಕನ್ನಡಕ ಬದಲಾಯಿಸಲು ಹೇಳಿದರು, ಬದಲಾಯಿಸಿದೆ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ಒಂದಿಷ್ಟೂ ಘಾಟಿಲ್ಲ ನೋಡು, ಎಂಥಾ ದೃಷ್ಟಿ ಬಿದ್ದಿದೆ!” ಎಂದು ಕಣ್ಣಗಲಿಸಿದರು. ಶುಂಠಿಯ ಪಟ್ಟು, ಹಣೆಗೆ ಬಾಮು, ಸ್ಟ್ರಾಂಗ್ ಕಾಫಿ, ಯಾವುದಕ್ಕೂ ಅದು ಜಗ್ಗಲಿಲ್ಲ.

ಯಾರಿಗೂ ಹೇಳದ ಒಂದು ಮಾತು ನನ್ನೊಳಗಿತ್ತು. ತಲೆಯಲ್ಲಿ ಗೆಡ್ಡೆ ಬೆಳೆಯುತ್ತಿದೆಯೇನೋ ಎಂದು ನನಗೆ ಭಯವಾಗಿತ್ತು. ಎರಡು ಪುಟ ಓದುವಷ್ಟರಲ್ಲಿ ಕಣ್ಣು ಸಿಡಿಯತೊಡಗಿದ ಮೇಲೆ ಸಂಜೆಯ ಓದು ನಿಂತೇಹೋಯಿತು. ಅತ್ತೆ ಒಂದು ದಿನವೂ ಓದು ಎನ್ನಲಿಲ್ಲ. ಹೊಸ ಸಂಚಿಕೆ ಬಂದರೆ ಅದನ್ನು ಮಡಿಲಲ್ಲಿಟ್ಟುಕೊಂಡು, ಮುಖಪುಟವನ್ನು ಸವರುತ್ತ ಸುಮ್ಮನೆ ಕೂರುತ್ತಿದ್ದರು. ಓದಿ ಬದುಕುವವಳಿಗೆ ಓದೇ ಹೋದರೆ ಉಳಿಯುವುದೇನು ಎಂದು ಅಡುಗೆಮನೆಯಲ್ಲಿ ನಿಂತು ನಾನು ಅತ್ತದ್ದೂ ಉಂಟು.

ಕೊನೆಗೆ ಗಾಂಧಿಬಜಾರಿನ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಅವರು ಬಿ.ಪಿ. ನೋಡಿ, ಕಣ್ಣಿಗೆ ಬೆಳಕು ಬಿಟ್ಟು, ಕೈಕಾಲುಗಳ ಬಲ ಪರೀಕ್ಷಿಸಿ, ವಾಂತಿ, ಜ್ವರ, ಜೋಮುಗಳ ಬಗ್ಗೆ ಸಾವಧಾನವಾಗಿ ಕೇಳಿದರು. ಆಮೇಲೆ “ಎಲ್ಲಿ, ಬಲಕ್ಕೆ ತಿರುಗಿ ನೋಡಮ್ಮ” ಎಂದರು. ಗೋಡೆಯ ಕ್ಯಾಲೆಂಡರನ್ನು ನೋಡಲು ನನ್ನ ಇಡೀ ಮೈಯೇ ತಿರುಗಿತು, ಕತ್ತು ತಿರುಗಲಿಲ್ಲ. “ಗಾಬರಿಪಡೋ ಅಂಥದ್ದೇನೂ ಕಾಣ್ತಿಲ್ಲ. ಕತ್ತಿಗೆ ಫಿಸಿಯೋಥೆರಪಿ ಮಾಡಿಸ್ಕೋ” ಎಂದು ತ್ಯಾಗರಾಜನಗರದ ಒಂದು ಕ್ಲಿನಿಕ್ಕಿಗೆ ಕಳಿಸಿದರು. ತಲೆನೋವಿಗೆ ಕತ್ತು ತೋರಿಸುವುದೇ ಎಂದು ನನಗೆ ನಗು ಬಂತು.

ಫಿಸಿಯೋಥೆರಪಿಸ್ಟ್ ಸುಮಾ ಮೂವತ್ತರ ಆಸುಪಾಸಿನ ನಗುಮುಖದ ಹೆಂಗಸು. ನನ್ನನ್ನು ಮಲಗಿಸಿ, ಹಿಂದಲೆಯ ಕೆಳಗೆ, ಬಲಗಡೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಒತ್ತಿದ್ದು ಅಲ್ಲಿ, ಸಿಡಿದದ್ದು ಕಣ್ಣಿನ ಹಿಂದೆ!

“ಇದೇನಾ ಮೇಡಂ ನಿಮ್ಮ ನೋವು?”

“ಇದೇ, ಇದೇ!” ಎಂದು ಕಳೆದುಹೋದ ಒಡವೆ ಸಿಕ್ಕವಳಂತೆ ಕೂಗಿದೆ. ಅಷ್ಟು ಸಂತೋಷ ಕೊಟ್ಟ ನೋವನ್ನು ನಾನು ಬೇರೆ ಕಂಡಿಲ್ಲ.

“ವಠಾರದಲ್ಲಿ ಪಿ.ಪಿ. ನಂಬರ್ ಇರುತ್ತಲ್ಲ, ಹಾಗೆ ಇದು. ಫೋನ್ ಬಂದಿರೋದು ಹಿಂದಿನ ಮನೆಯವ್ರಿಗೆ, ಹೊಡ್ಕೊಳ್ಳೋದು ಮುಂದಿನ ಮನೇಲಿ. ಕತ್ತಿನ ಮೇಲ್ಭಾಗದ ನರಗಳೂ ಹಣೆ, ಕಣ್ಣಿನ ನರಗಳೂ ಮಿದುಳಿನ ಹತ್ರ ಒಂದೇ ಕಡೆ ಸೇರ್ತವೆ. ಕರೆ ಯಾರದ್ದು ಅಂತ ಅದಕ್ಕೆ ಗೊತ್ತಾಗಲ್ಲ ಮೇಡಂ.”

ಎಲ್ಲ ತಲೆನೋವೂ ಕತ್ತಿನದಲ್ಲ, ಅರೆತಲೆನೋವಿನ ದಾರಿಯೇ ಬೇರೆ, ಹಠಾತ್ತನೆ ಹಿಂದೆಂದೂ ಕಾಣದಷ್ಟು ಜೋರಾಗಿ ಬಂದದ್ದಕ್ಕೆ ಮೊದಲು ಆಸ್ಪತ್ರೆಗೇ ಓಡಬೇಕು ಎಂದೂ ಅವರು ತಿಳಿಸಿದರು. ಮುಂದಿನ ಕೆಲವು ವಾರ ಬಿಗಿದ ಕೀಲುಗಳನ್ನು ಹದವಾಗಿ ಸಡಿಲಿಸಿದರು, ಗದ್ದವನ್ನು ನೇರವಾಗಿ ಹಿಂದಕ್ಕೆಳೆದುಕೊಳ್ಳುವ ವ್ಯಾಯಾಮ ಕಲಿಸಿದರು. ಅದನ್ನು ನಾನು ಬಸ್ಸಿನಲ್ಲಿ ಮಾಡಿದರೆ ಎದುರು ಸೀಟಿನವರು ತಮ್ಮನ್ನು ಕಂಡು ಮೂತಿ ತಿರುವಿದೆನೆಂದುಕೊಂಡು ಮುಖ ಗಂಟಿಕ್ಕುತ್ತಿದ್ದರು.

ಆ ದಿನಗಳಲ್ಲಿ ಕನ್ನಡ ಮೇಡಮ್ಮಿನ ಬುದ್ಧಿ ಸುಮ್ಮನಿರದೆ ಒಂದು ಸಂಗತಿಯನ್ನು ಹಿಡಿದು ಜಗ್ಗಾಡಿತು. ನಮ್ಮ ಭಾಷೆಯಲ್ಲಿ ತಲೆ ಓಡುತ್ತದೆ, ತಲೆ ಕೆಡುತ್ತದೆ, ತಲೆ ತಿನ್ನುವವರಿದ್ದಾರೆ, ತಲೆ ತಪ್ಪಿಸಿಕೊಳ್ಳುವವರೂ ಇದ್ದಾರೆ. ತಲೆ ಎತ್ತಿ ನಡೆಯುವುದು ಮಾನ, ತಲೆ ತಗ್ಗಿಸುವುದು ವಿನಯ. ಆದರೆ ಎತ್ತುವುದೂ ತಗ್ಗಿಸುವುದೂ ತಲೆಯ ಕೆಲಸವೇ? ದುಡಿಮೆಯೆಲ್ಲ ಕತ್ತಿನದು, ಹೆಸರು ತಲೆಯದು. ಇಷ್ಟು ವರ್ಷ ಹೆಸರಿಲ್ಲದೆ ದುಡಿದ ಪಾಪದ ಕತ್ತು ಕೊನೆಗೆ ದೂರು ಕೊಟ್ಟರೂ ಅದು ದಾಖಲಾದದ್ದು ತಲೆಯ ಹೆಸರಿನಲ್ಲೇ.

ಒಂದು ದಿನ ಸುಮಾ, “ಓದೋವಾಗ ಹೇಗೆ ಕೂತ್ಕೋತೀರಾ, ತೋರ್ಸಿ” ಎಂದರು. ತೋರಿಸಿದೆ. “ಅಯ್ಯೋ ಮೇಡಂ, ನೀವು ಪುಸ್ತಕದ ಹತ್ರ ಹೋಗ್ಬೇಡಿ, ಪುಸ್ತಕಾನೇ ನಿಮ್ಮ ಕಣ್ಣಿನ ಹತ್ರ ತನ್ನಿ. ಆಗಾಗ ಎದ್ದು ಓಡಾಡಿ.”

ಮನೆಗೆ ಬಂದು ಊಟದ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಗಳನ್ನು ಪೇರಿಸಿ ವಾರಪತ್ರಿಕೆಯನ್ನು ಒರಗಿಸಿ ನೋಡಿದೆ. ಅದು ಜಾರಿ ಜಾರಿ ಬಿತ್ತು. ನನ್ನ ಪರದಾಟದ ಸದ್ದು ಕೇಳಿದ ಅತ್ತೆ ವಿಷಯ ತಿಳಿದುಕೊಂಡು ಎದ್ದುಹೋದರು. ಗೋಡೆ ಸವರುತ್ತ ವಾಪಸು ಬಂದಾಗ ಅವರ ಕೈಯಲ್ಲಿ ಆ ವ್ಯಾಸಪೀಠವಿತ್ತು.

“ಬೇಡ ಅತ್ತೆ, ಇದು ದೇವರ ಕೋಣೇದು. ಮಡಿ...”

“ನಿನ್ನ ನೋವು ನೋಡಿ ನೋಡಿ ಸಾಕಾಗಿದೆ ಕಣೇ. ಅದೂ ಸರಸ್ವತೀನೇ ತಾನೇ, ಇಡು.”

ಮೇಜಿನ ಮೇಲೆ ಊಟದ ಮಣೆ, ಮಣೆಯ ಮೇಲೆ ವ್ಯಾಸಪೀಠ, ಅದರ ಅಂಗೈಗಳಲ್ಲಿ ವಾರಪತ್ರಿಕೆ. ಅಭ್ಯಾಸಬಲದಿಂದ ನಾನು ಮತ್ತೆ ಮುಂದಕ್ಕೆ ಬಾಗಿದಾಗ ಅತ್ತೆಯ ಕೈ ನನ್ನ ಗದ್ದ ಹುಡುಕಿ ಮೇಲಕ್ಕೆತ್ತಿತು.

“ತಲೆ ಎತ್ತಿ ಓದೇ.”

ಎತ್ತಿ ಓದಿದೆ. ನೋವಿರಲಿಲ್ಲ. ಪುಟದ ಅಂಚಿನಾಚೆ, ಎದುರು ಕುರ್ಚಿಯಲ್ಲಿ, ಅತ್ತೆಯ ಮುಖ ಕಂಡಿತು. ನಾಯಕಿ ತವರಿನಿಂದ ಹೊರಟು ನಿಂತಳು ಎಂದಾಗ ಅವರ ತುಟಿ ನಡುಗಿತು, ಆ ಮಂದಗಣ್ಣು ತುಂಬಿತು, ಗಾಡಿ ತಪ್ಪಿತು ಎಂದಾಗ ಮುಖ ಚಿಕ್ಕ ಹುಡುಗಿಯದರಂತೆ ಅರಳಿತು. ಅಷ್ಟು ಸಂಜೆ ಅವರಿಗಾಗಿ ಓದಿದ್ದೆ. ಅವರು ಕೇಳುವುದನ್ನು ಒಮ್ಮೆಯೂ ನೋಡಿರಲಿಲ್ಲ. ಓದುವುದನ್ನು ಬಿಟ್ಟು ಆ ಮುಖವನ್ನೇ ನೋಡಿದೆ.

“ಯಾಕೆ ನಿಲ್ಲಿಸ್ದೆ? ನೋವಾ?” ಅತ್ತೆ ಗಾಬರಿಯಿಂದ ಕೇಳಿದರು.

“ಇಲ್ಲ ಅತ್ತೆ” ಎಂದು ಮುಂದಿನ ಸಾಲಿಗೆ ಹೋದೆ.