ಕಾಕಂಬಿಯಲ್ಲಿ ನೆನೆದ ಎಂಜಿನ್

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಬಿಸಿ ಚಪಾತಿಯ ಪಕ್ಕ ಎರಡು ಚಮಚ ಕಾಕಂಬಿ ಹಾಕಿದಳು. ಬೆಲ್ಲವಾಗುವ ಒಂದು ಗಳಿಗೆ ಮೊದಲೇ ಕೊಪ್ಪರಿಗೆಯಿಂದ ತೆಗೆದ ಆ ಕಂದು ಪಾಕದ ವಾಸನೆ ಮೂಗಿಗೆ ಬಡಿದರೆ ಯಾರಿಗಾದರೂ ಅಜ್ಜಿ ನೆನಪಾಗಬೇಕು, ಬಾಲ್ಯ ನೆನಪಾಗಬೇಕು. ನನಗೆ ನೆನಪಾದದ್ದು ತುಕ್ಕು. ನಗಬೇಡಿ. ತಾಟನ್ನು ಮೂಗಿನ ಹತ್ತಿರ ಹಿಡಿದು ಕೂತದ್ದನ್ನು ನೋಡಿ ಅವಳು, "ಯಾಕ, ಹುಳಿ ಬಂದೈತೇನು?" ಎಂದಳು. "ಇಲ್ಲ, ಎಂಜಿನ್ ನೆನಪಾತು" ಎಂದೆ. ನಿವೃತ್ತ ಮಾಸ್ತರನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆಯೋ ಅಷ್ಟು ಸಿಕ್ಕಿತು. ಅವಳು ಒಳಗೆ ಹೋದಳು. ನೀವಾದರೂ ಕೇಳಿ.

ಕೆಲವು ವರ್ಷಗಳ ಹಿಂದಿನ ಮಾತು. ಜಯಸಿಂಗಪುರದ ಆಚೆ, ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದೆ, ಜಾಲಿ ಕಂಟಿಯ ನಡುವೆ ಒಂದು ಉಗಿ ಎಂಜಿನ್ ನಿಂತಿತ್ತು. ದೊಡ್ಡ ರೈಲಿನದಲ್ಲ, ಎರಡಡಿ ಅಗಲದ ಹಳಿಯ ಮೇಲೆ ಕಬ್ಬಿನ ಡಬ್ಬಿಗಳನ್ನು ಎಳೆಯುತ್ತಿದ್ದ ಗಿಡ್ಡ ಎಂಜಿನ್. ಜಾಗ ಕೊಂಡ ಹೊಸ ಮಾಲೀಕರು ಒಂದೇ ಮಾತು ಹೇಳಿದ್ದರು: ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಒಯ್ದರೆ ನಿಮ್ಮದು, ಇಲ್ಲದಿದ್ದರೆ ಗುಜರಿಯವರದು. ಕೊಲ್ಹಾಪುರದ ಸಣ್ಣ ರೈಲು ಸಂಗ್ರಹಾಲಯವೊಂದು ಇಟ್ಟುಕೊಳ್ಳಲು ಒಪ್ಪಿತ್ತು. ಆದರೆ ಅಲ್ಲಿಯ ಗೇಟಿನೊಳಗೆ ಕ್ರೇನ್ ಹೋಗುವುದಿಲ್ಲ, ಎಂಜಿನ್ ತನ್ನ ಗಾಲಿಯ ಮೇಲೆ ಉರುಳಿಕೊಂಡೇ ಒಳಗೆ ಹೋಗಬೇಕು. ಗಾಲಿಗಳೋ, ತುಕ್ಕು ಹಿಡಿದು ಕಚ್ಚಿಕೊಂಡು ಕೂತಿದ್ದವು.

ಅದನ್ನು ಬಿಡಿಸಲು ಇಚಲಕರಂಜಿಯಿಂದ ಎಂಟು ಹತ್ತು ಜನ ಪವರ್‌ಲೂಮಿನವರು ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದರು. ಕೂಲಿ ಇಲ್ಲ, ಹಾರ ಇಲ್ಲ. ಅವರ ಮುಂದಾಳು ಬಸಪ್ಪ. ರಬಕವಿ ಕಡೆಯಿಂದ ಬಂದ ಮನೆತನ, ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಕೆಲಸ. ಮಗ್ಗಗಳ ಸಪ್ಪಳಕ್ಕೆ ಕಿವಿ ಮುಕ್ಕಾಲು ಹೋಗಿತ್ತು, ಅವರೊಂದಿಗೆ ಮಾತಾಡುವುದೆಂದರೆ ಜಗಳವಾಡಿದ ಹಾಗೆ. ಆದರೆ ಕಬ್ಬಿಣದ ಮೇಲೆ ಅಂಗೈ ಇಟ್ಟು ಒಳಗೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಹೇಳಿಬಿಡುತ್ತಿದ್ದರು. ನಾನು ಗಡಹಿಂಗ್ಲಜದಿಂದ ಪತ್ರಿಕೆಗೊಂದು ಲೇಖನ ಬರೆಯಲೆಂದು ಬಂದವನು. ಸ್ಪ್ಯಾನರ್ ಯಾವ ಕಡೆಯಿಂದ ಹಿಡಿಯಬೇಕೆಂಬುದೂ ನನಗೆ ಗೊತ್ತಿರಲಿಲ್ಲ.

ಕಾಕಂಬಿ ಬಂದದ್ದು ನೇಮಣ್ಣನಿಂದ. ಪಕ್ಕದ ಹೊಲದಲ್ಲಿ ಅವರದು ಬೆಲ್ಲದ ಗಾಣ. ಹಳೆಯ ಜೈನ ಒಕ್ಕಲುತನದ ಮನೆ. "ನಮ್ಮಜ್ಜ ತುಕ್ಕ ಹಿಡದ ಕುಡಗೋಲ ಕಾಕಂಬಿ ನೀರಾಗ ನೆನಿಸ್ತಿದ್ದಾರಿ. ಹಂಗ ಮಾಡ್ರಿ" ಎಂದರು. ಹಿತ್ತಲ ಗಿಡ ಮದ್ದಲ್ಲ ನೋಡಿ, ಎಲ್ಲರೂ ನಕ್ಕೆವು, ನಾನು ಸ್ವಲ್ಪ ಹೆಚ್ಚೇ ನಕ್ಕೆ. ತಳಹಿಡಿದು ಕೆಟ್ಟ ಕಾಕಂಬಿಯನ್ನು ನೀರಿಗೆ ಬೆರೆಸಿ ಡ್ರಮ್ಮಿನಲ್ಲಿ ಹಾಕಿ, ಬಿಚ್ಚಿದ ಭಾಗಗಳನ್ನು ಮುಳುಗಿಸಿಟ್ಟರು. ಮೂರು ವಾರಕ್ಕೆ ತೆಗೆದು ನೀರು ಹೊಡೆದರೆ, ಅಬ್ಬಾ, ತುಕ್ಕೆಲ್ಲ ಕೆಸರಿನಂತೆ ಇಳಿದು ಹೋಗಿ ಕಬ್ಬಿಣ ಕಪ್ಪಗೆ, ನುಣ್ಣಗೆ ಹೊರಬಂತು!

ನೇಮಣ್ಣನದು ಒಂದೇ ಕರಾರು: "ಒಂದ ಇರುವಿ ಸಾಯಬಾರದು. ಸತ್ರ ಡ್ರಮ್ ವಾಪಸ್." ಸಿಹಿಯ ಡ್ರಮ್ಮಿಟ್ಟು ಇರುವೆಗೆ ಬರಬೇಡ ಎನ್ನುವುದು ಹೇಗೆ? ಯಾವ ಕೆಲಸಕ್ಕೂ ಬಾರದ ನನ್ನನ್ನು ಇರುವೆ ಕಾಯಲು ಹಚ್ಚಿದರು. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು, ಸುತ್ತ ಅರಿಷಿಣದ ಗೆರೆ ಎಳೆದು, ಮೆತ್ತನೆಯ ಬ್ರಷ್ ಹಿಡಿದು ಕೂತೆ. ನೇಮಣ್ಣ ದೂರದಲ್ಲಿ ಒಂದು ತಾಟಿನಲ್ಲಿ ತೆಳ್ಳಗೆ ಕಾಕಂಬಿ ಸವರಿ ಇಟ್ಟು, "ಅವರ ಊಟ ಅವರಿಗೆ ಕೊಡ್ರಿ ಮಾಸ್ತರ, ಆಮ್ಯಾಲ ನಿಮ್ಮ ಕಡೆ ಯಾಕ ಬರ್ತಾವ?" ಎಂದರು. ಹೊತ್ತು ಮುಳುಗುವ ಮುಂಚೆ ನಮಗೂ ಹೀಗೆಯೇ ಕೂರಿಸಿ ಊಟ ಹಾಕುತ್ತಿದ್ದರು. ಇರುವೆಗಳು ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಮಾತು ಕೇಳಿದವು.

ಎಲ್ಲ ಆಯಿತು, ಒಂದು ಪಿನ್ ಮಾತ್ರ ಹೊರಬರಲಿಲ್ಲ. ಉಗಿಯ ಸಿಲಿಂಡರನ್ನೂ ಗಾಲಿಯನ್ನೂ ಕೂಡಿಸುವ ದಪ್ಪ ಸಲಾಕೆಯ ಪಿನ್ ಅದು. ಬಲಗಡೆಯದು ಬಂದಿತ್ತು, ಎಡಗಡೆಯದು ಬಂದರೆ ಗಾಲಿ ಬಿಡುಗಡೆ. ಹಂಗಾಮಿಗೆ ಹನ್ನೆರಡು ದಿನ ಉಳಿದಿತ್ತು. ಆಗ ನಾನೇ, ಬೇರೆ ಯಾರೂ ಅಲ್ಲ, "ಗ್ಯಾಸ್ ಹಚ್ಚಿ ಕತ್ತರಿಸಿಬಿಡ್ರಿ. ಒಂದು ಪಿನ್ ಹೋದರ ಎಂಜಿನ್ನಿನ ಮಾನ ಹೋಗೂದಿಲ್ಲ" ಎಂದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ 'ತಾಳಿದವನು ಬಾಳಿಯಾನು' ಎಂದು ಬರೆದ ಕೈ ಇದು! ಎಲ್ಲರೂ ಹೌದೆಂದರು. ಗ್ಯಾಸ್ ಸಿಲಿಂಡರ್ ಬಂತು. ನಳಿಗೆಯನ್ನು ಬಸಪ್ಪನ ಕಡೆ ಚಾಚಿದರು. ಅವರು ಮುಟ್ಟಲಿಲ್ಲ.

"ನಾ ಹಿಡಿಯಂಗಿಲ್ರಿ."

"ಯಾಕೋ ಬಸಪ್ಪಾ, ನಿನಗ ಬರ್ತೈತಲ್ಲ?" ಎಂದು ನೇಮಣ್ಣ ಅವರ ಕಿವಿಯ ಹತ್ತಿರ ಕೂಗಿದರು.

"ಬರ್ತೈತ್ರಿ ಅಣ್ಣಾರ, ಅದಕ್ಕ ಹಿಡಿಯಂಗಿಲ್ಲ." ಬಸಪ್ಪ ಎಂಜಿನ್ನಿನ ಪಕ್ಕದ ಖಾಲಿ ಹಳಿಯನ್ನು ತೋರಿಸಿದರು. "ಇಲ್ಲಿ ಇಂಥಾವ ಎರಡ ಇದ್ದೂರಿ. ಮಗ್ಗಕ್ಕ ಬರೂ ಮೊದಲ ನಾ ಗುಜರಿಯವರ ಕಡೆ ಗ್ಯಾಸ್ ಹಿಡಿತಿದ್ದೆ. ಆ ಇನ್ನೊಂದನ್ನ ಇದ ಕೈಲೆ ಕಡದೇನಿ. ನಾಕ ದಿನ ಹಿಡೀತ. ಅವತ್ತ ಭಾಳ ಖುಷಿಲೆ ಕಡದಿದ್ದೆರಿ, ಹಾಡ ಹಾಡಕೋತ. ಅದ ನನಗ ಇನ್ನೂ ನುಂಗಾಕ ಆಗವಲ್ದು."

ಚಾಚಿದ್ದ ನಳಿಗೆಯನ್ನು ಕೆಳಗಿಟ್ಟರು. ನನಗೆ ನಾಚಿಕೆಯಾಯಿತು. ಬರೆಯಲು ಬಂದವನಿಗೆ ಆ ಮನುಷ್ಯ ಇಲ್ಲಿಗೆ ಯಾಕೆ ಬರುತ್ತಾನೆಂದು ಕೇಳಬೇಕು ಅನ್ನಿಸಿರಲೇ ಇಲ್ಲ.

ಬಸಪ್ಪ ಮಗ್ಗದ ಕೆಳಗೆ ಬೀಳುವ ನೂಲಿನ ಕಸವನ್ನು ಚೀಲ ತುಂಬ ತಂದು, ಕಾಕಂಬಿಯಲ್ಲಿ ಅದ್ದಿ, ಕುರುವಿಗೆ ಪೋಟೀಸು ಕಟ್ಟುವ ಹಾಗೆ ಆ ಪಿನ್ನಿನ ಸುತ್ತ ಕಟ್ಟಿದರು. ದಿನಾ ಕೆಲಸಕ್ಕೆ ಮುಂಚೆ ಇಚಲಕರಂಜಿಯಿಂದ ಸೈಕಲ್ಲಿನಲ್ಲಿ ಬಂದು ಹಸಿ ಮಾಡಿ ಹೋಗುತ್ತಿದ್ದರು. ನಾನು ನೇಮಣ್ಣನ ಮನೆಯಲ್ಲೇ ಉಳಿದು ಇರುವೆ ಕಾದೆ. ಈ ಸಲ ಯಾರೂ ಹೇಳಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಬಸಪ್ಪ ಕಟ್ಟು ಬಿಚ್ಚಿ, ಪಿನ್ನಿಗೆ ಮರದ ತುಂಡು ಅಡ್ಡ ಕೊಟ್ಟು, ಒಂದು ಅಂಗೈ ಸಲಾಕೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಸುತ್ತಿಗೆ ಬೀಸಿದರು. ಒಂದು. ಎರಡು. ಮೂರು.

"ಅಳಗ್ಯಾಡ್ತು!" ಎಂದು ಕೂಗಿದರು.

ನಮಗೇನೂ ಕೇಳಿಸಿರಲಿಲ್ಲ, ಕಾಣಿಸಿರಲಿಲ್ಲ. ಕೈಗೆ ಗೊತ್ತಾಗಿತ್ತು. ಇನ್ನೂ ಹತ್ತು ಪೆಟ್ಟಿಗೆ ಪಿನ್ ಹೊರಬಂತು. ಎಲ್ಲರೂ ಸೇರಿ ನೂಕಿದಾಗ ಗಾಲಿ ಮೊದಲು ಗೇಣುದ್ದ ತಿರುಗಿತು, ಆಮೇಲೆ ಮೊಳದುದ್ದ. ಬಸಪ್ಪ ಹಳಿಯ ಮೇಲೆ ಕೂತು ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಮರುದಿನ ಹಂಗಾಮಿನ ಟ್ರ್ಯಾಕ್ಟರುಗಳು ಕಬ್ಬಿಗೆ ಹೊರಡುವ ಮುಂಚೆ, ಎಂಜಿನ್ನನ್ನು ಹೊತ್ತ ಟ್ರೇಲರ್ ಕೊಲ್ಹಾಪುರದ ದಾರಿ ಹಿಡಿದಿತ್ತು. ಗೇಟಿನಲ್ಲಿ ಹಗ್ಗ ಕಟ್ಟಿ ಎಳೆದರೆ ಅದು ಮದುಮಗಳ ಹಾಗೆ ಮೆಲ್ಲಗೆ ಒಳಗೆ ಹೋಯಿತು.

ಇವತ್ತು ಚಪಾತಿ ತಿಂದು ಮುಗಿಸಿ ನಾನು ಬಸ್ ಹತ್ತಿ ಇಚಲಕರಂಜಿಗೆ ಹೋದೆ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಬಸಪ್ಪನನ್ನು ಎಬ್ಬಿಸಿಕೊಂಡು ಕೊಲ್ಹಾಪುರಕ್ಕೆ ಹೋದೆ. ಎಂಜಿನ್ ಹಸಿರು ಬಣ್ಣದಲ್ಲಿ ನೆರಳಿಗೆ ನಿಂತಿತ್ತು. ಬಸಪ್ಪ ನೇರ ಹೋಗಿ ಸಲಾಕೆಯ ಮೇಲೆ ಅಂಗೈ ಇಟ್ಟರು. ಹೊಸದಾಗಿ ಬಂದ ಕಾವಲುಗಾರ ಓಡಿ ಬಂದು, "ಕಾಕಾ, ಹಾತ್ ಲಾವೂ ನಕಾ!" ಎಂದ. ಬಸಪ್ಪನಿಗೆ ಕೇಳಿಸಲಿಲ್ಲ. ಅವನು ಮತ್ತೆ ಜೋರಾಗಿ ಕೂಗಿ, ಮುಟ್ಟಬೇಡ ಎಂದು ಕೈ ಆಡಿಸಿದಾಗ ತಟ್ಟನೆ ಕೈ ತೆಗೆದರು.

ನನಗೆ ಸಿಟ್ಟು ನೆತ್ತಿಗೇರಿತು. ಇವರು ಯಾರು ಗೊತ್ತೇನು ಎಂದು ಶುರು ಮಾಡುವಷ್ಟರಲ್ಲಿ ಬಸಪ್ಪ ನನ್ನ ತೋಳು ಹಿಡಿದರು. ಅವರ ಮುಖ ಅರಳಿತ್ತು.

"ಬೈಬ್ಯಾಡ್ರಿ ಮಾಸ್ತರ. ಮುಟ್ಟಬ್ಯಾಡ ಅನ್ನಾಕ ಇದಕ್ಕ ಒಬ್ಬ ಮನಷ್ಯಾ ಅದಾನ. ನಾ ಕಡದ ಆ ಇನ್ನೊಂದಕ್ಕ ಯಾರೂ ಇರಲಿಲ್ಲರಿ."

ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ಅದನ್ನು ಒಂದು ಸುತ್ತು ಬಂದೆವು.